ದಿನಾ ಐವತ್ತು ನಿಮಿಷ ತಡ ಮಾಡಿ ಬರೋ ಕಳ್ಳ

ಆ ಗೆರಿ ನೋಡಿದ ಕೂಡಲೇ ನನಗ ಖುಷಿ ಆತು. ಖರೆ ಹೇಳಬೇಕಂದ್ರ ಭಾಳ ಖುಷಿ ಆತು. ಯಾರೋ ಒಬ್ಬರು ಕೈಗೆ ಸಿಕ್ಕಿಬಿದ್ರು ಅನ್ನೋ ಖುಷಿ ಅದು. ಅಂಥಾ ಖುಷಿ ಮನಸಿನಾಗ ಬರಬಾರದು, ಆದ್ರ ಬಂತು.

ಶಿಗ್ಲಿ ದಾಟಿ ಸ್ವಲ್ಪ ಮುಂದ ಹೋದ್ರ ಒಂದು ಸಣ್ಣ ಊರು. ಅಲ್ಲಿ ಸಾಲಿ ಹಿಂದ ಒಂದು ಬೋರು ಐತಿ. ಅದಕ್ಕ ಮೋಟರಿಲ್ಲ, ಅದರ ನೀರು ಯಾರೂ ಕುಡ್ಯಂಗಿಲ್ಲ. ನೆಲದಾಗಿನ ನೀರು ಎಷ್ಟು ಆಳಕ್ಕ ಐತಿ ಅಂತ ಅಳಿಯಾಕಷ್ಟ ಅದನ್ನ ಬಿಟ್ಟಾರ. ಅದರೊಳಗ ತಂತಿಗೆ ಕಟ್ಟಿ ಇಳಿಬಿಟ್ಟ ಒಂದು ಸ್ಟೀಲಿನ ನಳಿಗಿ ಐತಿ, ನಮ್ಮ ಕೈ ಬ್ಯಾಟರಿಯಷ್ಟು ಉದ್ದ. ಲಾಗರ್ ಅಂತೀವಿ. ತನ್ನ ಮ್ಯಾಲೆ ಎಷ್ಟು ನೀರು ಐತಿ ಅನ್ನೋದನ್ನ ಹದಿನೈದು ನಿಮಿಷಕ್ಕೊಮ್ಮೆ ತಾನ ಬರಕೋತೈತಿ. ನನ್ನ ಕೆಲಸ ಅಂದ್ರ ಗದಗ-ಬೆಟಗೇರಿಯಿಂದ ಬೈಕ್ ಹತ್ತಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಅಡ್ಡಾಡಿ, ಇಂಥಾ ಬೋರಿನ ಮುಚ್ಚಳ ತಗದು, ಲಾಗರ್ ಮ್ಯಾಲೆ ಎಳದು, ಅದರ ಹೊಟ್ಯಾಗಿಂದು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬರೋದು. ಗುತ್ತಿಗಿ ಮ್ಯಾಲಿನ ಕೆಲಸ, ವರ್ಷಕ್ಕೊಮ್ಮೆ ಸಾಹೇಬ್ರು ಸಹಿ ಮಾಡಿದ್ರ ಮುಂದುವರಿತೈತಿ.

ಆ ಬ್ಯಾಸಗ್ಯಾಗ ಊರಿಂದ ಒಂದು ತಕರಾರು ಬಂದಿತ್ತು. ನಳದ ನೀರು ಸಣ್ಣಗ ಬರಾಕತ್ತೈತಿ, ಯಾರೋ ನೆಲದಾಗಿನ ನೀರು ಕದ್ದು ಜಗ್ಗಾಕತ್ತಾರ ಅಂತ. ಯಾರೋ ಅಂದ್ರ ಯಾರು ಅಂತ ಎಲ್ಲಾರಿಗೂ ಗೊತ್ತಿತ್ತು. ಕುಡಿಯೋ ನೀರಿನ ಬೋರಿನ ಹತ್ರಾನ ಒಬ್ಬಾಕಿ ಮೆಣಸಿನಕಾಯಿ ಅಗಿ ಹಾಕ್ತಿದ್ಲು. ಮಡಿ ಮಾಡಿ, ಬೀಜ ಊರಿ, ಹಸಿರು ಪರದಿ ಕಟ್ಟಿ ಸಸಿ ಬೆಳಸಿ, ಮಳಿ ಬಿದ್ದ ಕೂಡಲೇ ಸುತ್ತಲಿನ ಊರಿನ ರೈತರಿಗೆ ಕಿತ್ತು ಕೊಡ್ತಿದ್ಲು. ಊರಾಗ ಎಲ್ಲಾರೂ ಅಗಿ ಅಕ್ಕ ಅಂತಿದ್ರು. ಅಕಿ ಬೋರು ಕುಡಿಯೋ ನೀರಿನ ಬೋರಿಗೆ ಸಮೀಪ ಬಂತಂತ ಪಂಚಾಯತಿಯವರು ಒಂದು ಕರಾರು ಬರಸಿಕೊಂಡಿದ್ರು: ದಿನಕ್ಕ ಒಂದ ತಾಸು, ಮುಂಜಾನೆ ಆರರಿಂದ ಏಳು, ಅಷ್ಟ ಮೋಟರ್ ಹಚ್ಚಬೇಕು.

ನಾ ಗಿಡದ ನೆರಳಾಗ ಕುಂತು ಲ್ಯಾಪ್‌ಟಾಪ್ ತಗದು, ಆ ತಿಂಗಳ ನೀರಿನ ಏರಿಳಿತದ ಗೆರಿ ನೋಡಿದೆ. ಬಾಜೂಕ ನಳಕ್ಕ ನೀರು ಬಿಡಾವ ನಿಂತಿದ್ದ. ತಕರಾರು ಬರದಾವ ಅವನ. ಕುಡಿಯೋ ನೀರಿನ ಮೋಟರ್ ಯಾವಾಗ ಚಾಲೂ ಆಗತಿತ್ತು ಅಂತ ಅವನ ವಹಿಯಾಗ ಇತ್ತು. ಅದನ್ನ ಗೆರಿಯೊಳಗಿಂದ ಬಿಟ್ಟೆ. ಆರರಿಂದ ಏಳರ ಇಳತಾನೂ ಬಿಟ್ಟೆ. ಆದ್ರೂ ಉಳೀತು. ದಿನಕ್ಕ ಎರಡು ಸಲ ನೀರು ಇಳದಿತ್ತು, ಎರಡು ಸಲ ಏರಿತ್ತು. ಭಾಳ ಅಲ್ಲ, ಎರಡು ಬೆರಳು, ಮೂರು ಬೆರಳು. ಆದ್ರ ತಿಂಗಳ ತುಂಬ ಒಂದು ದಿನಾನೂ ತಪ್ಪಿರಲಿಲ್ಲ.

"ಸಿಕ್ಲಲ್ರಿ!" ಅಂದ ನೀರು ಬಿಡಾವ. "ದಿನಕ್ಕ ಎರಡು ಸಲ ಹಚ್ತಾಳ."

"ಹೊತ್ತು ಒಂದ ಇಲ್ಲಲ್ಲೋ. ಒಂದು ದಿನ ಹತ್ತಕ್ಕ ಐತಿ, ಇನ್ನೊಂದು ದಿನ ಮೂರಕ್ಕ ಐತಿ."

"ಅದ ನೋಡ್ರಿ ಅಕಿ ಶ್ಯಾಣ್ಯಾತನ. ದಿನಾ ಒಂದ ಹೊತ್ತಿಗೆ ಹಚ್ಚಿದ್ರ ಸಿಕ್ಕೋತೀನಂತ ಹೊತ್ತು ಬದಲಾಸ್ತಾಳ."

ನನಗ ಅದು ಖರೆ ಅನಿಸ್ತು. ನಾ ಮೊದಲಿಂದ ಸಂಶಯದ ಪ್ರಾಣಿ. ಮನಿಯಾಗ ನನ್ನ ಹೆಂಡ್ತಿ, ಮೊಸರಿನಾಗ ಕಲ್ಲು ಹುಡುಕ್ತೀರಿ ಅಂತ ಬೈತಿರ್ತಾಳ. ಇಲ್ಲಿ ಕಲ್ಲ ಕೈಗೆ ಬಂದಂಗಾಗಿತ್ತು. ಒಂದು ಮಾತು ಮಾತ್ರ ನಾ ಆವತ್ತು ನೋಡಬೇಕಾಗಿತ್ತು, ನೋಡಲಿಲ್ಲ. ಮೋಟರ್ ಹಚ್ಚಿದ್ರ ಗೆರಿ ಥಟ್ಟನ ಬೀಳತೈತಿ, ಬಂದ್ ಮಾಡಿದ್ರ ಥಟ್ಟನ ಏಳತೈತಿ, ಮೂಲಿ ಮೂಲಿ ಇರತೈತಿ. ಈ ಇಳತಕ್ಕ ಮೂಲಿನ ಇರಲಿಲ್ಲ. ತೊಟ್ಟಲಾ ತೂಗಿದಂಗ ನುಣ್ಣಗ ಹೋಗಿ ನುಣ್ಣಗ ಬಂದಿತ್ತು.

ಅಗಿ ಅಕ್ಕನ ಮಡಿಗೆ ಹೋದ್ವಿ. ಐವತ್ತರ ಹತ್ರದ ಹೆಂಗಸು. ಸೆರಗು ಸೊಂಟಕ್ಕ ಸಿಗಿಸಿ, ಕುಕ್ಕರುಗಾಲಿನಾಗ ಕುಂತು ಕಳೆ ಕೀಳಾಕತ್ತಿದ್ಲು.

"ಆರರಿಂದ ಏಳು ಬಿಟ್ಟು ಮತ್ತ ಯಾವಾಗ ಮೋಟರ್ ಹಚ್ತೀರಿ ಅಕ್ಕಾ?" ಅಂದೆ.

"ಹಚ್ಚಂಗಿಲ್ಲ."

"ನನ್ನ ಮಿಷನ್ ಬ್ಯಾರೆ ಹೇಳಾಕತ್ತೈತಿ."

"ಹಂಗಾರ ಮಿಷನ್ನ ಕೇಳ್ರಿ. ನನ್ನ ಯಾಕ ಕೇಳ್ತೀರಿ?" ಅಂದಾಕಿ ಮತ್ತ ಕಳೆ ಕೀಳಾಕ ಹತ್ತಿದ್ಲು. ಆಮ್ಯಾಲೆ ತಲಿ ಎತ್ತದ ಅಂದ್ಲು, "ತ್ರೀ ಫೇಸ್ ಕರೆಂಟು ಯಾವಾಗ ಬರತೈತಿ, ಯಾವಾಗ ಹೊಕ್ಕೈತಿ ಅಂತ ಕರೆಂಟ್ ಆಫೀಸಿನಾಗ ಬರದಿಟ್ಟಿರ್ತಾರಲ್ಲ, ಅದನ್ನ ತಂದು ನೋಡ್ರಿ. ಕರೆಂಟಿಲ್ಲದ ಮೋಟರ್ ಹಚ್ಚೋ ವಿದ್ಯಾ ನನಗಿಲ್ಲ."

ನೋಡಿದೆ. ಅರ್ಧಕ್ಕರ್ಧ ಇಳತ ಕರೆಂಟಿಲ್ಲದ ಹೊತ್ತಿನಾಗ ಇದ್ವು. ಅಷ್ಟಕ್ಕ ನಾ ನಿಂದ್ರಬೇಕಾಗಿತ್ತು. ನಿಂತ್ರ ಅವ ಸಂಶಯದ ಮನಶಾ ಹೆಂಗ ಆಗ್ತಾನ? ಹಂಗಾರ ಜನರೇಟರ್ ಐತಿ ಅಂತ ನಾವಿಬ್ರೂ ಒಂದ ಬಾಯಿಲೆ ಅಂದ್ವಿ. ಗುಡಿಸಲಾ ನೋಡಿದ್ವಿ, ಇಲ್ಲ. ಔಷಧ ಹೊಡಿಯೋ ಪಂಪು, ಎರಡು ಡ್ರಮ್ಮು, ಬುಟ್ಟಿ. ಬಣವಿಯೊಳಗ ಹುಗದಿಟ್ಟಾಳ ಅಂತ ನೀರು ಬಿಡಾವ ಪಿಸುಗುಟ್ಟಿದ. ನಾ ಕಬ್ಬಿಣದ ಹಾರಿ ತಗೊಂಡು ಕಣಕಿ ಬಣವಿಗೆ ನಾಕು ಕಡೆ ಚುಚ್ಚಿದೆ. ಒಳಗ ಕಣಕಿ ಬಿಟ್ರ ಏನೂ ತಾಗಲಿಲ್ಲ. ಅಕ್ಕ ದೂರ ನಿಂತು ನೋಡಾಕತ್ತಿದ್ಲು.

"ಇನ್ನೊಂದು ಕಡೆ ಉಳದೈತಿ," ಅಂದ್ಲು. "ನನ್ನ ಹೊಟ್ಯಾಗ. ಅಲ್ಲೂ ಚುಚ್ಚಿ ನೋಡ್ರಿ."

ನನ್ನ ಮಾರಿ ಕೆಂಪಾತು. ಸಿಟ್ಟೂ ಬಂತು. ತಪ್ಪು ಮಾಡಿದವರು ಇಷ್ಟು ದಿಟ್ಟ ಮಾತಾಡ್ತಾರ ಅಂತ ನನ್ನ ಅನುಭವ ಹೇಳತಿತ್ತು. ಅಂಥಾ ಅನುಭವಕ್ಕ ಬೆಂಕಿ ಹಚ್ಚ.

ಖಾತ್ರಿ ಮಾಡಿಕೊಳ್ಳಾಕ ಒಂದು ದಾರಿ ಐತಿ ಅಂತ ನೀರು ಬಿಡಾವನ ತೋರಿಸಿಕೊಟ್ಟ. ಆ ಊರಾಗ ಅಮಾಸಿ ದಿನ ಯಾರೂ ಮೋಟರ್ ಮುಟ್ಟಂಗಿಲ್ಲ. ಸ್ಟಾರ್ಟರ್ ಡಬ್ಬಿ ಒರಸಿ, ವಿಭೂತಿ ಹಚ್ಚಿ, ಕಾಯಿ ಒಡದು ಕೈ ಮುಗದು ಬಿಡ್ತಾರ. ಎತ್ತಿಗೆ ಹೆಂಗ ಬಿಡುವೋ ಮೋಟರಿಗೂ ಹಂಗ ಒಂದಿನ ಬಿಡುವು. ಕುಡಿಯೋ ನೀರಿನ ಮೋಟರೂ ಬಂದ್, ಟಾಕಿ ಹಿಂದಿನ ದಿನಾನ ತುಂಬಿಟ್ಟಿರ್ತಾರ. ಮುಂದಿನ ವಾರ ಅಮಾಸಿ ಇತ್ತು. ಆವತ್ತು ನೆಲದಾಗಿನ ನೀರನ್ನ ಒಬ್ಬರೂ ಮುಟ್ಟಂಗಿಲ್ಲ ಅಂದ್ಮ್ಯಾಲೆ ನೀರು ನಿಂತಲ್ಲೇ ನಿಂದ್ರಬೇಕು. ಇಳೀತಂದ್ರ ಯಾರೋ ಒಬ್ಬರು ರೀತಿ ಮುರದಾರ, ಅದು ಯಾರು ಅಂತ ಕೇಳೋ ಜರೂರಿಲ್ಲ. ನನಗ ಇದಕ್ಕಿಂತ ಚೊಲೊ ಪರೀಕ್ಷಾ ಇಲ್ಲ ಅನಿಸ್ತು.

ಅಮಾಸಿ ಮರುದಿನ ಹೋಗಿ ಲಾಗರ್ ತಗದೆ. ಗೆರಿ ಸ್ವಚ್ಛ ಇತ್ತು, ಬ್ಯಾರೆ ಮೋಟರಿನ ಕಲಬೆರಕಿ ಏನೂ ಇಲ್ಲ. ಮಧ್ಯಾಹ್ನ ಹನ್ನೆರಡೂವರಿ ಸುಮಾರು ಮೂರು ಬೆರಳು ಇಳದಿತ್ತು. ಇಡೀ ತಿಂಗಳಾಗ ಅಷ್ಟು ಇಳದ ದಿನ ಭಾಳ ಇರಲಿಲ್ಲ.

"ನಾವೆಲ್ಲಾ ಕೈ ಮುಗದು ಕುಂತಾಗ ಇಕಿ ಗುಟ್ಟಿಲೆ ಜಗ್ಗ್ಯಾಳ್ರಿ," ಅಂದ ನೀರು ಬಿಡಾವ. ಅವನ ಕಣ್ಣಾಗ ನೀರು ಬಂದಿದ್ವು. ಆ ಕಣ್ಣೀರು ಸುಳ್ಳ ಅಲ್ಲ, ಅದನ್ನೂ ಹೇಳಬೇಕು. ದಿನಾ ನಳದ ಮುಂದ ಹೆಂಗಸರ ಕಡೆ ಬೈಸಿಕೊಳ್ಳಾವ ಅವ.

ಆವತ್ತ ಆಫೀಸಿಗೆ ಬಂದು ಬರದೆ: "ನಿಗದಿತ ಅವಧಿ ಮೀರಿ ನೀರೆತ್ತುತ್ತಿರುವುದು ದತ್ತಾಂಶದಿಂದ ದೃಢಪಟ್ಟಿದೆ." ಕೆಳಗ ನನ್ನ ಸಹಿ. ಸಾಹೇಬ್ರು ಒಂದು ಸಲ ಗೆರಿ ನೋಡಿದ್ರು, ತಾವೂ ಸಹಿ ಹಾಕಿದ್ರು. ಮೂರು ದಿನದಾಗ ಬೋರಿಗೆ ಸೀಲ್. ಹದಿನೈದು ದಿನದಾಗ ಮೋಟರ್ ಮ್ಯಾಲೆ ಎತ್ತಿ, ಬೋರಿನ ಬಾಯಿಗೆ ಕಾಂಕ್ರೀಟ್ ಹಾಕಬೇಕು ಅಂತ ಆದೇಶ ಹೊಂಟಿತು.

ಸೀಲ್ ಹಾಕಾಕ ನಾನೂ ಹೋಗಿದ್ದೆ. ಸ್ಟಾರ್ಟರ್ ಡಬ್ಬಿಗೆ ತಂತಿ ಸುತ್ತಿ, ಗಂಟಿನ ಮ್ಯಾಲೆ ಅರಗು ಕಾಸಿ ಹಾಕಿದ್ವಿ. ಡಬ್ಬಿ ಮ್ಯಾಲೆ ಅಮಾಸಿ ವಿಭೂತಿ ಹಂಗ ಇತ್ತು. ಅಕ್ಕ ಜಗಳಾಡಲಿಲ್ಲ, ಅಳಲಿಲ್ಲ.

"ಇನ್ನ ಇಪ್ಪತ್ತು ದಿನ ನೀರು ಬೇಕಿತ್ತು ಈ ಅಗಿಗೆ," ಅಂದ್ಲು. "ಇಪ್ಪತ್ತು ದಿನ ಆದ್ಮ್ಯಾಲೆ ಬೇಕಂದ್ರ ನನ್ನೂ ತಂತೀಲೆ ಸುತ್ತಿಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ."

ಮಡಿ ತುಂಬ ಅಗಿ ಬೆರಳುದ್ದ ಬಂದಿದ್ವು. ನಾ ಅವುಗಳ ಕಡೆ ನೋಡದ ಬೈಕ್ ಹತ್ತಿದೆ.

ಐದಾರು ದಿನ ಬಿಟ್ಟು, ಅಷ್ಟಮಿ ಮರುದಿನ, ಲಾಗರ್ ನೋಡಾಕ ಹೋದೆ. ಇಳತ ಕಡಿಮಿ ಆಗಿದ್ವು. ಮೂರು ಬೆರಳಿದ್ದದ್ದು ಒಂದ ಬೆರಳಿಗೆ ಬಂದಿತ್ತು. ಎಪ್ಪಾ, ಆವತ್ತಿನ ನಮ್ಮ ಜೋರು ಕೇಳಬಾರದು. "ಸೀಲ್ ಹಾಕಿದ್ದಕ್ಕ ಕಡಿಮಿ ಆತು ನೋಡ್ರಿ," ಅಂತ ನೀರು ಬಿಡಾವ ಊರೆಲ್ಲಾ ಹೇಳಿಕೊಂಡು ಬಂದ. ಸಾಹೇಬ್ರು ಫೋನಿನಾಗ "ಶಾಬಾಸ್" ಅಂದ್ರು. ಉಳದ ಆ ಒಂದು ಬೆರಳು ಎಲ್ಲಿಂದ ಬಂತು ಅಂತ ನಮ್ಮ ಮೂವರಾಗ ಒಬ್ಬರೂ ಕೇಳಲಿಲ್ಲ. ನಳದ ನೀರು ಮೊದಲಿನಷ್ಟ ಸಣ್ಣಗ ಬರಾಕತ್ತಿತ್ತು, ಅದನ್ನೂ ಕೇಳಲಿಲ್ಲ.

ಹುಣ್ಣಿವಿಗೆ ಎರಡು ದಿನ ಇದ್ದಾಗ ಮತ್ತ ಹೋದೆ. ಇಳತ ಮೂರು ಬೆರಳು ಆಗಿತ್ತು.

ಮೊದಲು ಬಂದ ವಿಚಾರ ಏನಂದ್ರ, ಸೀಲ್ ಒಡದಾಳ ಅಂತ. ಓಡಿ ಹೋಗಿ ನೋಡಿದೆ. ಅರಗು ಬಿರಕು ಬಿಟ್ಟಿರಲಿಲ್ಲ. ತಂತಿಗೂ ಡಬ್ಬಿಗೂ ನಡುವ ಜ್ಯಾಡ ಬಲಿ ಕಟ್ಟಿತ್ತು. ಆ ಡಬ್ಬಿ ಯಾರೂ ಮುಟ್ಟಿರಲಿಲ್ಲ. ಆದ್ರ ನನ್ನ ಸಂಶಯ ಸಾಯಲಿಲ್ಲ, ಮನಿ ಬದಲಾಯಿಸ್ತು ಅಷ್ಟ. ಹಂಗಾರ ಈ ನೀರು ಬಿಡಾವನ ಕಳ್ಳತನಲೆ ಕುಡಿಯೋ ನೀರಿನ ಮೋಟರ್ ಹಚ್ಚಿ ಯಾರ ಹೊಲಕ್ಕೋ ಬಿಡಾಕತ್ತಾನ ಅಂದ್ಕೊಂಡೆ. ಅವನ ವಹಿ ಕಸಗೊಂಡು ಪಾಟಿ ಸವಾಲು ಹಾಕಿದೆ.

"ಈಗ ನಾ ಕಳ್ಳನೇನ್ರಿ?" ಅಂದ ಅವ. "ಇಷ್ಟು ದಿನ ನಿಮ್ಮ ಬೆನ್ನಿಗೆ ನಿಂತಾವ ನಾನ. ನಿಮಗ ಯಾರರೆ ಒಬ್ಬರು ಕಳ್ಳರು ಬೇಕಾಗ್ಯಾರ, ಅಷ್ಟ."

ವಹಿ ಅವನ ಕೈಗೆ ಕೊಟ್ಟೆ. ವಾಪಸ್ ಬರೋವಾಗ ದಾರಿಯಾಗ ಅಗಿ ಅಕ್ಕ ಎದುರಾದ್ಲು, ತಲಿ ಮ್ಯಾಲೊಂದು ಕೊಡ, ಸೊಂಟದಾಗೊಂದು ಕೊಡ. ಊರ ನಳದಿಂದ ಮಡಿಗೆ ಹೊತ್ತು ಹಾಕಾಕತ್ತಿದ್ಲು. ಬಾಜೂಕಿನ ಹೊಲದಾವರು ಅಕಿಗೆ ನೀರು ಕೊಡಾಕ ಅಂಜಿದ್ರಂತ. ನಳದ ಹತ್ರ ಪಾಳೇದಾಗ ಇಟ್ಟ ಅಕಿ ಕೊಡಾನ ಹೆಂಗಸರು ಕಾಲಿಲೆ ಹಿಂದಕ್ಕ ಸರಿಸ್ತಿದ್ರಂತ, ನೀರು ಕದ್ದಾಕಿ ಕೊನಿಗೆ ತುಂಬ್ಕೊಳ್ಳಲಿ ಅಂತ. ಇದನ್ನ ನನಗ ಅಕಿ ಹೇಳಲಿಲ್ಲ, ಆಮ್ಯಾಲೆ ನೀರು ಬಿಡಾವ ಹೇಳಿದ. ಅಕಿ ನನ್ನ ನೋಡಿ ದಾರಿ ಬಿಟ್ಟು ಹೊಲದಾಗ ಇಳದು ಹೋದ್ಲು.

ಮರುದಿನ ರಜಾ ಇತ್ತು. ಬೆಟಗೇರಿ ಮನಿಯಾಗ ಮುಂಜಾನಿಂದ ಕುಂತೆ. ಇಡೀ ತಿಂಗಳದ ಗೆರಿ ಪ್ರಿಂಟ್ ಹಾಕಿಸಿದ್ದೆ, ಉದ್ದನ್ನ ಕಾಗದ. ಅದನ್ನ ಕತ್ರಿಲೆ ದಿನಕ್ಕೊಂದು ಪಟ್ಟಿ ಮಾಡಿ ಕತ್ತರಿಸಿದೆ. ಒಂದರ ಕೆಳಗ ಒಂದು, ಗಂಟಿ ಕೆಳಗ ಗಂಟಿ ಬರೋಹಂಗ ಗ್ವಾಡಿಗೆ ಅಂಟಿಸಿದೆ. ಹಿಂದ ಸರದು ನೋಡಿದೆ.

ಇಳತ ಎಲ್ಲಾ ಓರೆಯಾಗಿ ಒಂದ ಸಾಲಿನಾಗ ನಿಂತಿದ್ವು. ಇವತ್ತು ಹತ್ತಕ್ಕ ಇದ್ರ ನಾಳಿ ಹತ್ತು ಐವತ್ತಕ್ಕ, ನಾಡಿದ್ದು ಹನ್ನೊಂದು ನಲವತ್ತಕ್ಕ. ಸ್ಕೇಲ್ ಇಟ್ಟು ಅಳದೆ. ದಿನಾ ಐವತ್ತು ನಿಮಿಷ ತಡ, ಒಮ್ಮೆ ಕಾಲು ತಾಸು ಹೆಚ್ಚು, ಒಮ್ಮೆ ಕಾಲು ತಾಸು ಕಡಿಮಿ. ಇದನ್ನ ನಾವು ಅಕಿ ಶ್ಯಾಣ್ಯಾತನ ಅಂದಿದ್ವಿ. ಗಡಿಯಾರ ಕಟ್ಟಿಕೊಂಡು, ದಿನಾ ಐವತ್ತು ನಿಮಿಷ ತಡ ಮಾಡಿ, ಕರೆಂಟಿರಲಿ ಬಿಡಲಿ, ತಿಂಗಳಗಟ್ಟಲೆ ಒಂದ ದಿನಾನೂ ತಪ್ಪದ ಬರೋ ಕಳ್ಳ ಯಾವ ಊರಾಗ ಇರ್ತಾನ?

ಐವತ್ತು ನಿಮಿಷ ಅನ್ನೋ ಲೆಕ್ಕ ನಾ ಎಲ್ಲೋ ಕೇಳಿದ್ದೆ. ಮೊದಲಿಗೆ ಕಾರವಾರದಾಗ ಒಂದು ವರ್ಷ ಕೆಲಸಾ ಮಾಡಿದ್ದೆ. ಆಗಿನ ಗೆಳೆಯಾ ಒಬ್ಬ ಅಲ್ಲೇ ಬಂದರದ ಧಕ್ಕೆ ಹತ್ರ ಸಮುದ್ರದ ಮಟ್ಟ ಬರಕೊಳ್ಳೋ ಕೆಲಸದಾಗ ಇದ್ದಾನ. ಫೋನ್ ಹಚ್ಚಿದೆ. ನನ್ನ ಪಟ್ಟಿಯಾಗಿನ ಹೊತ್ತು ಓದಿ ಹೇಳಿದೆ. ಅವ ನಕ್ಕ.

"ನನ್ನ ವಹಿ ಕದ್ದು ಓದಾಕತ್ತೀಯೇನು? ಇದು ಭರತ-ಇಳಿತದ ಲೆಕ್ಕ."

"ಲೇ, ನಾ ಶಿಗ್ಲಿ ಕಡೆ ಎರಿ ಹೊಲದಾಗಿನ ಬೋರಿಂದು ಹೇಳಾಕತ್ತೀನಿ. ಇಲ್ಲಿ ಎಲ್ಲಿ ಸಮುದ್ರ?"

"ಸಮುದ್ರ ಇಲ್ಲ ಖರೆ. ಚಂದ್ರ ಇದ್ದಾನಲ್ಲ?"

ಅವ ಸಾವಕಾಶ ಬಿಡಿಸಿ ಹೇಳಿದ. ಚಂದ್ರನ ಎಳತ ಸಮೀಪ ಇದ್ದದ್ದಕ್ಕ ಹೆಚ್ಚು, ದೂರ ಇದ್ದದ್ದಕ್ಕ ಕಡಿಮಿ. ಚಂದ್ರನ ಕಡೆ ಇರೋ ನೀರನ್ನ ಅವ ಭೂಮಿಗಿಂತ ಸ್ವಲ್ಪ ಹೆಚ್ಚು ಜಗ್ತಾನ, ಅದು ಉಬ್ಬತೈತಿ. ಆಚಿ ಕಡೆ ಇರೋ ನೀರಿಗಿಂತ ಭೂಮಿನ್ನ ಹೆಚ್ಚು ಜಗ್ತಾನ, ಆ ನೀರು ಹಿಂದ ಉಳದಂಗಾಗಿ ಅಲ್ಲೂ ಉಬ್ಬತೈತಿ. ಒಬ್ಬ ಚಂದ್ರ, ಎರಡು ಉಬ್ಬು. ಭೂಮಿ ದಿನಕ್ಕೊಂದು ಸುತ್ತು ತಿರಗತೈತಿ, ಅದಕ್ಕ ನಮಗ ದಿನಕ್ಕ ಎರಡು ಸಲ ಭರತ. ಭೂಮಿ ಒಂದು ಸುತ್ತು ಮುಗಿಸೋದ್ರಾಗ ಚಂದ್ರ ತನ್ನ ದಾರಿಯಾಗ ಒಂದಿಷ್ಟು ಮುಂದ ನಡದಿರ್ತಾನ. ಅವನ್ನ ಮತ್ತ ಹಿಡಿಯಾಕ ಭೂಮಿಗೆ ಇನ್ನ ಐವತ್ತು ನಿಮಿಷ ಬೇಕು.

"ಸೂರ್ಯನೂ ಜಗ್ತಾನ," ಅಂದ. "ಅವ ಭಾಳ ದೊಡ್ಡಾವ, ಆದ್ರ ಭಾಳ ದೂರದಾವ. ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮಿ. ಅಮಾಸಿ, ಹುಣ್ಣಿವಿಗೆ ಇಬ್ಬರೂ ಒಂದ ಗೆರಿ ಮ್ಯಾಲೆ ನಿಂತು ಜಗ್ತಾರ, ದೊಡ್ಡ ಭರತ. ಅಷ್ಟಮಿಗೆ ಒಬ್ಬ ಈ ಕಡೆ, ಒಬ್ಬ ಅಡ್ಡ ಕಡೆ ಜಗ್ಗಿ ಒಬ್ಬರದು ಒಬ್ಬರು ಕಡಿಮಿ ಮಾಡ್ತಾರ. ನಮ್ಮ ಮೀನಗಾರರನ್ನ ಕೇಳು, ತಿಥಿ ಮ್ಯಾಲೆ ಹೇಳ್ತಾರ."

ಅಮಾಸಿ. ಅಷ್ಟಮಿ. ಹುಣ್ಣಿವಿ. ಇದಕ್ಕಿಂತ ಚೊಲೊ ಪರೀಕ್ಷಾ ಇಲ್ಲ ಅಂತ ನಾ ಆರಿಸಿಕೊಂಡಿದ್ದು ಚಂದ್ರ ಸೂರ್ಯ ಇಬ್ಬರೂ ಕೂಡಿ ಜಗ್ಗೋ ದಿನಾನ. ಸೀಲ್ ಹಾಕಿದ್ದಕ್ಕ ಇಳತ ಕಡಿಮಿ ಆತು ಅಂತ ಕುಣದದ್ದು ಇಬ್ಬರೂ ಅಡ್ಡಡ್ಡ ನಿಂತ ದಿನ.

ಆದ್ರ ಒಂದು ಗಂಟು ಉಳೀತು. ಸಮುದ್ರದಾಗ ಚಂದ್ರ ನೀರು ಏರಿಸ್ತಾನ, ನನ್ನ ಬೋರಿನಾಗ ಚಂದ್ರ ನೆತ್ತಿ ಮ್ಯಾಲಿದ್ದಾಗ ನೀರು ಇಳದಿತ್ತು. ಉಲ್ಟಾ. ಗೆಳೆಯಾಗ ಅದು ಗೊತ್ತಿರಲಿಲ್ಲ. ಲಾಗರ್ ಬಂದ ಡಬ್ಬಿಯಾಗ ಒಂದು ಸಣ್ಣ ಪುಸ್ತಕ ಇತ್ತು, ಪ್ಲಾಸ್ಟಿಕ್ ಕವರ್ ಸೈತ ಹರದಿರಲಿಲ್ಲ ನಾ. ಆವತ್ತು ಹರದು ಓದಿದೆ. ಕೊನೀ ಪುಟದಾಗ ಇತ್ತು: ಚಂದ್ರ ಸೂರ್ಯ ನೀರನ್ನಷ್ಟ ಅಲ್ಲ, ನೆಲಾನೂ ಜಗ್ತಾರ. ನಮ್ಮ ಕಾಲ ಕೆಳಗಿನ ಕಲ್ಲು ದಿನಕ್ಕ ಎರಡು ಸಲ ಗೇಣಷ್ಟು ಏರಿ ಇಳೀತೈತಿ. ಎಲ್ಲಾ ಕೂಡೇ ಏರತೈತಿ ಅಂತ ನಮಗ ತಿಳ್ಯಂಗಿಲ್ಲ. ಏರಿದಾಗ ಆಳದಾಗಿನ ಕಲ್ಲಿನ ಬಿರುಕು ಕೂದಲೆಳಿಯಷ್ಟು ಸಡಲ ಆಗ್ತಾವ, ಬೋರಿನ ನೀರು ಅದರೊಳಗ ಸರದು ಮಟ್ಟ ಇಳೀತೈತಿ. ಕಲ್ಲು ಕೆಳಗಿಳಿದಾಗ ಬಿರುಕು ಬಿಗೀತಾವ, ನೀರು ಮ್ಯಾಲೆ ಬರತೈತಿ. ಆಳದ, ಮ್ಯಾಲೆ ಗಟ್ಟಿ ಕಲ್ಲಿನ ಮುಚ್ಚಿಗಿ ಇರೋ ಬೋರಿನಾಗ ಇದು ಕಾಣತೈತಿ, ಇದನ್ನ ಕಳದು ಲೆಕ್ಕಾ ಹಾಕಬೇಕು ಅಂತ ಬರದಿದ್ರು. ಎರಡು ವರ್ಷದಿಂದ ಆ ಪುಸ್ತಕ ನನ್ನ ಟೇಬಲ್ಲಿನ ಖಾನ್ಯಾಗ ಇತ್ತು.

ಕಾಂಕ್ರೀಟ್ ಹಾಕಾಕ ನಾಕು ದಿನ ಉಳದಿತ್ತು. ಸುಮ್ಮನಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಸಹಿ ಮಾಡಿದ ವರದಿ ಸುಳ್ಳಂತ ನಾನ ಹೇಳಿದ್ರ ನನ್ನ ಗುತ್ತಿಗಿ ಗತಿ ಏನು ಅಂತ ಅರ್ಧ ತಾಸು ವಿಚಾರ ಮಾಡಿದೆ, ಸುಳ್ಳ ಯಾಕ ಹೇಳ್ಲಿ. ಆಮ್ಯಾಲೆ ಆ ಎರಡು ಕೊಡ ಕಣ್ಣ ಮುಂದ ಬಂದ್ವು. ಮರುದಿನ ಹುಣ್ಣಿವಿ, ಮುಂಜಾನೆ ಸಾಹೇಬ್ರ ಮುಂದ ಪಟ್ಟಿ ಹರವಿದೆ.

ಅವರು ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು. "ಅಕಿ ಏನು ಕೊಟ್ಲು ನಿನಗ?"

ನನ್ನ ಜೀವನದಾಗ ಮೊದಲ ಸಲ ಯಾರೋ ನನ್ನ ಸಂಶಯದಿಂದ ನೋಡಿದ್ದು. ಹೆಂಗಿರತೈತಿ ಅಂತ ತಿಳೀತು.

"ಏನೂ ಕೊಟ್ಟಿಲ್ಲರಿ. ದಾರಿಯಾಗ ಮಾರಿ ಸೈತ ತೋರಸಂಗಿಲ್ಲ."

"ಹವಾದ ಒತ್ತಡ ಇರಬೇಕು. ಅದೂ ದಿನಕ್ಕ ಎರಡು ಸಲ ಏರಿ ಇಳೀತೈತಿ."

"ಅದನ್ನ ಕಳದೀನ್ರಿ. ಹವಾ ದಿನಾ ಒಂದ ಗಂಟಿಗೆ ಏರತೈತಿ, ಒಂದ ಗಂಟಿಗೆ ಇಳೀತೈತಿ. ಇದು ತಡ ಮಾಡಿ ಬರತೈತಿ."

"ಚಂದ್ರ ಬೋರಿನ ನೀರು ಜಗ್ತಾನ ಅಂತ ನಾ ಮ್ಯಾಲಿನವರಿಗೆ ಬರೀಲೇನು? ನಕ್ಕಾರು."

ನಾ ಒಂದು ಚೀಟಿ ಬರದು ಅವರ ಮುಂದ ಇಟ್ಟೆ. ನಾಡಿದ್ದು, ಮಧ್ಯಾಹ್ನ ಎರಡು ಗಂಟಿ ಹತ್ತು ನಿಮಿಷ. "ಆವತ್ತು ಸುತ್ತಲಿನ ಎಲ್ಲಾ ಮೋಟರ್ ಬಂದ್ ಮಾಡಸ್ತೀನಿ. ಮುಂಜಾನೆ ಎಂಟರಿಂದ ನೀರು ಇಳೀತ ಹೊಕ್ಕೈತಿ, ಈ ಹೊತ್ತಿನ ಹತ್ರ ನಿಂತು, ಮತ್ತ ಏರಾಕ ಹತ್ತತೈತಿ. ಹಂಗ ಆಗಲಿಲ್ಲ ಅಂದ್ರ ಕಾಂಕ್ರೀಟ್ ಹಾಕ್ರಿ, ನನ್ನೂ ಮನಿಗೆ ಕಳಸ್ರಿ."

ಸಾಹೇಬ್ರು ಬಂದ್ರು. ಕರುಣಾ ಬಂದು ಅಲ್ಲ, ನಾ ಏನು ಆಟಾ ಹೂಡೀನಿ ಅಂತ ನೋಡಾಕ. ನೀರು ಬಿಡಾವಗ ನಾ ಕೈ ಮುಗದು ಕೇಳಿಕೊಂಡಿದ್ದೆ, ಅವ ಮಾರಿ ಗಂಟಿಕ್ಕಿಕೊಂಡ ಎಲ್ಲಾ ಮೋಟರ್ ಬಂದ್ ಮಾಡಿಸಿದ. ಅಗಿ ಅಕ್ಕನ್ನೂ ಕರಸಿದ್ದೆ, ಅಕಿ ಸಾಲಿ ಕಟ್ಟಿ ಮ್ಯಾಲೆ ದೂರ ಕುಂತ್ಲು. ಲಾಗರ್ ಮ್ಯಾಲೆ ಯಾರಿಗೂ ವಿಶ್ವಾಸ ಇಲ್ಲಂತ ಅಳತಿ ಟೇಪು ತಂದಿದ್ದೆ. ಅದರ ತುದಿ ನೀರು ಮುಟ್ಟಿದ್ರ ಮ್ಯಾಲೆ ಟೇಪು ಸುತ್ತಿದ ಗಾಲಿ ಹತ್ರ ಪೀಂ ಅಂತೈತಿ. ಅರ್ಧ ತಾಸಿಗೊಮ್ಮೆ ಬಿಟ್ಟು, ಪೀಂ ಅಂದಲ್ಲಿ ಸಾಹೇಬ್ರಿಂದ ಓದಿಸಿ ಅವರ ಕೈಯಿಂದಾನ ಬರಸಿದೆ.

ಎಂಟೂವರಿಗೆ ಒಂದು ಅಂಕಿ. ಹತ್ತಕ್ಕ ಅದಕ್ಕಿಂತ ಒಂದು ಬೆರಳು ಕೆಳಗ. ಹನ್ನೆರಡಕ್ಕ ಎರಡು ಬೆರಳು. ಬಿಸಲು ಕಾದು ಟೇಪು ಕೈ ಸುಡಾಕತ್ತಿತ್ತು. ಒಂದೂವರಿಗೆ ಇನ್ನೂ ಕೆಳಗ. ಎರಡಕ್ಕ ಕೂದಲಷ್ಟು. ಚೀಟಿಯಾಗಿನ ಹೊತ್ತಂತ ನಡುವ ಎರಡೂಕಾಲಿಗೂ ಬಿಟ್ಟೆ, ಅಷ್ಟ. ಎರಡೂವರಿಗೂ ಅಷ್ಟ. ಮೂರಕ್ಕ ಟೇಪು ಬಿಟ್ಟಾಗ ನಾ ಅಂದುಕೊಂಡಿದ್ದಕ್ಕಿಂತ ಮೊದಲ ಪೀಂ ಅಂತು. ನೀರು ಮ್ಯಾಲೆ ಬಂದಿತ್ತು. ಮೂರೂವರಿಗೆ ಇನ್ನೂ ಮ್ಯಾಲೆ.

ಸಾಹೇಬ್ರು ತಾವ ಬರದ ಅಂಕಿ ಎರಡು ಸಲ ನೋಡಿದ್ರು. ಕಿಸೆಯಿಂದ ನನ್ನ ಚೀಟಿ ತಗದು ನೋಡಿದ್ರು.

"ಈಗ ಚಂದ್ರ ಎಲ್ಲಿದ್ದಾನ?" ಅಂದ್ರು.

"ನಮ್ಮ ಕಾಲ ಕೆಳಗರಿ. ಭೂಮಿ ಆಚಿ ಕಡೆ."

ನೀರು ಬಿಡಾವ ಒಂದು ಹೆಜ್ಜಿ ಸರದು ತನ್ನ ಕಾಲ ಕೆಳಗ ನೋಡಿದ. ನಮ್ಮ ಪೈಕಿ ಒಬ್ಬರೂ ನಗಲಿಲ್ಲ.

ಆವತ್ತ ಸೀಲ್ ಒಡದ್ವಿ. ನಳದ ನೀರು ಯಾಕ ಸಣ್ಣಗ ಬರತಿತ್ತು ಅಂದ್ರ ಬ್ಯಾಸಗಿ, ನೆಲದಾಗ ನೀರು ಕೆಳಗ ಹೋಗಿತ್ತು, ಅಷ್ಟ. ಅದಕ್ಕ ಕಳ್ಳರು ಬೇಕಾಗಿರಲಿಲ್ಲ. ಅಕ್ಕನ ಮಡಿಯಾಗ ಅರ್ಧಕ್ಕಿಂತ ಹೆಚ್ಚು ಅಗಿ ಸುಟ್ಟು ಹಂಚಿಕಡ್ಡಿ ಆಗಿದ್ವು. ಕೊಡದ ನೀರು ಮುಟ್ಟಿದ ಮೂರು ಮಡಿ ಅಷ್ಟ ಹಸರು ಉಳದಿತ್ತು. ನಾ ತಪ್ಪಾತು ಅಂದೆ. ವರದಿ ವಾಪಸ್ ತಗೋತೀನಿ, ಆಫೀಸಿನಾಗ ಬರದು ಕೊಡ್ತೀನಿ ಅಂದೆ. ಚಂದ್ರಂದು, ಸೂರ್ಯಂದು, ಕಲ್ಲಿಂದು ಎಲ್ಲಾ ಹೇಳಿದೆ. ಅಕಿ ಪೂರ್ತಿ ಕೇಳಿದ್ಲು.

"ಚಂದ್ರಗ ಸೀಲ್ ಹಾಕಾಕ ಬರಂಗಿಲ್ಲ, ಅದಕ್ಕ ನನಗ ಹಾಕಿದ್ರಿ," ಅಂದ್ಲು. "ಆಫೀಸಿನಾಗ ಬರದು ಕಪಾಟಿನಾಗ ಇಟ್ರ ನನಗೇನು ಬಂತು ತಮ್ಮಾ? ನಾಳಿ ಮುಂಜಾನೆ ನಳದ ಹತ್ರ ಬಂದು ಹೇಳು."

ಹೋದೆ. ನಳದ ಮುಂದ ಇಪ್ಪತ್ತು-ಮೂವತ್ತು ಕೊಡ, ಅಷ್ಟೂ ಹೆಂಗಸರು. ನಾ ತಪ್ಪು ಬರದೆ, ಅಕ್ಕ ಒಂದು ಹನಿ ನೀರೂ ಕದ್ದಿಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಚಂದ್ರಂದೂ ಹೇಳಿದೆ. ಕೆಲವರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ರು. ಒಬ್ಬಾಕಿ ವಯಸ್ಸಾದಾಕಿ ಕೊಡದ ಮ್ಯಾಲೆ ಕೈ ಇಟ್ಟುಕೊಂಡು ನನ್ನ ಮಾರಿನ ನೋಡಿದ್ಲು.

"ಚಂದ್ರ ಜಗ್ತಾನ ಅಂತೀಯಲ್ಲೋ ಯಪ್ಪಾ, ಅದಕ್ಕೇನು ಪುರಾವೆ?"

ಪುರಾವೆ ನನ್ನ ಚೀಲದಾಗ ಇತ್ತು. ತಗ್ಯಾಕ ಕೈ ಬರಲಿಲ್ಲ. ಅಕ್ಕ ಕಳ್ಳಿ ಅಂತ ನಾ ಬರದಾಗ ಇವರಾಗ ಒಬ್ಬರೂ ಪುರಾವೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಗ ನೀರು ಬಿಡಾವ ಮುಂದ ಬಂದ. ಪಾಳೇದ ತುದಿಗೆ ಹೋಗಿ ಹೆಂಗಸರು ಆವತ್ತೂ ಹಿಂದಕ್ಕ ಸರಿಸಿದ್ದ ಅಕ್ಕನ ಖಾಲಿ ಕೊಡ ಎತ್ತಿಕೊಂಡು ಬಂದು, ಎಲ್ಲಾರಿಗಿಂತ ಮುಂದ, ನಳದ ಬಾಯಿ ಕೆಳಗ ಇಟ್ಟ.

ಅಕ್ಕ ಬಂದ್ಲು. ಕೊಡ ಎತ್ತಿದ್ಲು. ಪಾಳೇದ ಗುಂಟ ನಡದು, ಆವತ್ತು ಮುಂಜಾನೆ ತಾ ಬಂದಾಗ ಯಾರ ಹಿಂದ ಇಟ್ಟಿದ್ಲೋ ಅವರ ಕೊಡದ ಹಿಂದ ಇಟ್ಟು, ಅಲ್ಲೇ ನಿಂತ್ಲು.

"ನನ್ನ ಪಾಳೆ ಬಂದಾಗ ತುಂಬ್ಕೋತೀನಿ," ಅಂದ್ಲು. "ಮುಂದೂ ಬ್ಯಾಡ, ಹಿಂದೂ ಬ್ಯಾಡ."

ಅಕಿ ಮುಂದ ಇನ್ನ ಒಂಬತ್ತು ಕೊಡ ಇದ್ವು. ನೀರು ಸಣ್ಣಗ ಬರತಿತ್ತು. ಅಷ್ಟೂ ತುಂಬೂತನಕ ನಾ ಅಲ್ಲೇ ನಿಂತಿದ್ದೆ.